ಎಲ್ಲಿದ್ದೀರಿ, ಸ್ವಾಮಿ?

ಮಿಡಿ ಉಪ್ಪಿನಕಾಯಿಗೆ ಉಪ್ಪಿನ ಅಳತೆ ಎಷ್ಟೆಂದು ನೋಡಲು ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದೆ. ಸಾಗರದ ಕಡೆಯಿಂದ ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ ಅಪ್ಪೆಮಿಡಿ ಹಜಾರದ ಮೂಲೆಯಲ್ಲಿ ಗೋಣಿಚೀಲದೊಳಗೆ ಕೂತಿತ್ತು. ತೊಟ್ಟು ಮುರಿದರೆ ಸೊನೆ ಚಿಮ್ಮುವಷ್ಟು ಹೊಸದು, ತಡ ಮಾಡುವಂತಿಲ್ಲ. ಪುಟ ಬಿಚ್ಚಿಕೊಂಡಿತು, ಭರಣಿಯ ಚಿತ್ರ ಅರ್ಧ ಕಾಣಿಸಿತು. ಅಷ್ಟರಲ್ಲಿ ಮೇಲಿನ ಮೂಲೆಯಿಂದ ಒಂದು ಬಿಳಿ ಚೌಕ ಇಳಿಬಿದ್ದು ಅಡ್ಡ ನಿಂತಿತು. ಈ ತಾಣ ನಿಮ್ಮ ಸ್ಥಳ ಯಾವುದೆಂದು ತಿಳಿಯಬಯಸುತ್ತದಂತೆ. ಅನುಮತಿಸಿ, ಇಲ್ಲವೇ ನಿರ್ಬಂಧಿಸಿ.

ಉಪ್ಪು ಬೆಂಗಳೂರಿನಲ್ಲಿ ಒಂದು ಅಳತೆ, ಸಿರಸಿಯಲ್ಲಿ ಇನ್ನೊಂದು ಅಳತೆಯೇ? ನಿರ್ಬಂಧಿಸಿದೆ. ಮುಂದಿನ ತಾಣಕ್ಕೆ ಹೋದೆ, ಅದೂ ಕೇಳಿತು. ಅದರ ಪಕ್ಕದ್ದು ಇನ್ನೂ ವಿನಯದಿಂದ ಕೇಳಿತು. ಸಿಟ್ಟು ಬಂತು.

ಇದರಲ್ಲಿ ಸಿಟ್ಟಿಗೇಳುವಂಥದ್ದೇನು ಎನ್ನುವವರಿಗೆ ನನ್ನ ಹತ್ತಿರ ಘನವಾದ ಉತ್ತರವಿಲ್ಲ. ಬಸ್ಸಿನ ಕಂಡಕ್ಟರ್ ದಿನವೂ 'ಎಲ್ಲಿಗೆ?' ಎಂದು ಕೇಳುತ್ತಾನೆ, ಅವನ ಮೇಲೆ ನನಗೆ ಮುನಿಸಿಲ್ಲ. ಅವನು ನಾನು ಬಸ್ಸು ಹತ್ತಿದ ಮೇಲೆ ಕೇಳುತ್ತಾನೆ. ಈ ಚೌಕವೋ, ಹಾಲು ತರಲು ಹೊರಟವನು ಸ್ಟಾಪಿನ ಮುಂದೆ ಹಾದುಹೋದರೂ ತೋಳು ಹಿಡಿದು ನಿಲ್ಲಿಸಿ ಟಿಕೆಟ್ ಹರಿಯುವ ಜಾತಿಯದು. ಕೇಳುವುದಕ್ಕೊಂದು ಹೊತ್ತುಗೊತ್ತು ಬೇಡವೇ?

ನಮ್ಮಲ್ಲಿ ಅದಿತ್ತು. ಮನೆಯಿಂದ ಹೊರಗೆ ಕಾಲಿಟ್ಟವರನ್ನು 'ಎಲ್ಲಿಗೆ?' ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಹುಡುಗರು ಬಾಯಿತಪ್ಪಿ ಕೇಳಿದರೆ ಹೊರಟವರು ಚಪ್ಪಲಿ ಬಿಚ್ಚಿ ಒಳಗೆ ಬಂದು, ನೀರು ಕುಡಿದು, ಗಳಿಗೆ ಕೂತು ಮತ್ತೆ ಹೊರಡುತ್ತಿದ್ದರು. ಹಾಗಂತ ತಿಳಿಯುವ ಆಸೆ ಇಲ್ಲದವರೇನಲ್ಲ ನಮ್ಮ ಜನ. ಬೇಲಿಯಾಚೆಯಿಂದ ಒಬ್ಬರು 'ಏನು, ದೂರ ಹೊರಟ್ರಾ?' ಎನ್ನುತ್ತಿದ್ದರು. 'ಹ್ಞೂಂ, ಇಲ್ಲೇ ಸ್ವಲ್ಪ' ಎಂದು ಇವರೆನ್ನುತ್ತಿದ್ದರು. ಕೇಳಿದವರಿಗೆ ಕೇಳಿದ ಸಮಾಧಾನ, ಹೊರಟವರಿಗೆ ಹೇಳದೆ ಹೋದ ಸಮಾಧಾನ. ಮಧ್ಯಾಹ್ನದ ಹೊತ್ತಿಗೆ ಅವರು ಹೋದದ್ದು ತಹಸೀಲ್ದಾರರ ಕಚೇರಿಗೆ ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು, ಆ ಮಾತು ಬೇರೆ. ಬ್ರೌಸರು ಬರೆದವರಿಗೆ ಇಂಥ ಬೇಲಿಯ ಪಕ್ಕ ಬೆಳೆಯುವ ಯೋಗ ಇರಲಿಲ್ಲವೆಂದು ಕಾಣುತ್ತದೆ.

ಮಗಳು ಕಾಫಿ ಲೋಟ ಇಡುತ್ತಾ, 'ಅಪ್ಪಾ, ಒಂದೊಂದಕ್ಕೂ ಯಾಕೆ ಬೈತೀರಿ, ಪೂರ್ತಿ ಆಫ್ ಮಾಡಿ' ಎಂದಳು. ಆಗುತ್ತದೆ. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್, ಅದರೊಳಗೆ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗೆ ಸೈಟ್ ಸೆಟ್ಟಿಂಗ್ಸ್, ಅಲ್ಲಿ ಲೊಕೇಶನ್. ಯಾವ ತಾಣಕ್ಕೂ ನನ್ನ ಸ್ಥಳ ಕಾಣದಿರಲಿ ಎಂಬ ಸಾಲಿನ ಮುಂದಿನ ಗುಂಡಿ ಒತ್ತಿದರಾಯಿತು. ಫೈರ್‌ಫಾಕ್ಸ್‌ನಲ್ಲಿ ಅದೇ ದಾರಿಯಲ್ಲಿ ಪರ್ಮಿಶನ್ಸ್‌ವರೆಗೆ ಇಳಿದು, ಹೊಸ ಕೋರಿಕೆ ಬಾರದಂತೆ ತಡೆಯುವ ಪುಟ್ಟ ಚೌಕಕ್ಕೆ ಟಿಕ್ ಹಾಕಬೇಕು. ಭೂಪಟದಂಥ ಒಂದೆರಡು ತಾಣಗಳಿಗೆ ಬೇಕಿದ್ದರೆ ವಿನಾಯಿತಿ ಕೊಡಬಹುದು. ಇಷ್ಟೇ ವಿದ್ಯೆ. ಆದರೆ ಕೆಲವು ತಾಣಗಳು ಚೌಕವನ್ನು ತಾವೇ ಪುಟದೊಳಗೆ ಬರೆದಿಟ್ಟಿರುತ್ತವೆ. ಅದು ಬ್ರೌಸರಿನ ಚೌಕವಲ್ಲ, ಅದರ ವೇಷ ಹಾಕಿದ್ದು. ಅದಕ್ಕೆ ಈ ಗುಂಡಿ ನಾಟುವುದಿಲ್ಲ.

ಚೌಕದ ಮೇಲೆ ಇಷ್ಟು ರೇಗಿದ್ದಾಯಿತು, ಈಗ ಅದರ ಪರವಾಗಿ ಒಂದು ಮಾತು. ಫೈರ್‌ಫಾಕ್ಸ್ 2009ರಲ್ಲಿ ತನ್ನ 3.5ನೇ ಆವೃತ್ತಿಯೊಡನೆ ಈ ಸ್ಥಳ ಹೇಳುವ ಸೌಕರ್ಯವನ್ನು ತಂದಿತು. ಬಳಸುವವರ ಒಪ್ಪಿಗೆ ಇಲ್ಲದೆ ಬ್ರೌಸರು ಸ್ಥಳ ಹೇಳಕೂಡದೆಂಬುದು ಜಾಲದ ಕಟ್ಟಳೆಗಳನ್ನು ಬರೆಯುವ ಸಂಸ್ಥೆ ಹಾಕಿದ ನಿಯಮ. 2016ರಿಂದ ಕ್ರೋಮ್, ಬೀಗದ ಭದ್ರತೆಯಿಲ್ಲದ ತಾಣಗಳಿಗೆ ಕೇಳುವ ಹಕ್ಕನ್ನೇ ತೆಗೆದುಹಾಕಿತು. ಅಂದರೆ ಆ ಬಿಳಿ ಚೌಕ ಕಾವಲುಗಾರನೇ ಹೊರತು ಕಳ್ಳನಲ್ಲ. ಕಾವಲುಗಾರ ಗಳಿಗೆಗೊಮ್ಮೆ ಎಬ್ಬಿಸಿ 'ಯಾರೋ ಬಂದಿದ್ದಾರೆ, ಬಿಡಲೇ?' ಎಂದರೆ ಯಜಮಾನ ಬೈಯುವುದು ಅವನನ್ನೇ. ಇದರ ದಾಯಾದಿಯಾದ ನೋಟಿಫಿಕೇಶನ್ ಚೌಕವನ್ನು ಮೊಜಿಲ್ಲಾದವರು 2019ರಲ್ಲಿ ಲೆಕ್ಕ ಹಾಕಿ ನೋಡಿದರು. ಫೈರ್‌ಫಾಕ್ಸ್‌ನ ಒಂದು ಆವೃತ್ತಿಯಲ್ಲಿ ಒಂದೇ ತಿಂಗಳಿಗೆ 145 ಕೋಟಿ ಸಲ ಅದು ಜನರ ಮುಂದೆ ಬಂದಿತ್ತು. ಆಗಲಿ ಎಂದಿದ್ದು ಎರಡೂವರೆ ಕೋಟಿಗಿಂತ ಕಡಿಮೆ ಸಲ. ಮರುವರ್ಷದಿಂದ, ಪುಟದಲ್ಲಿ ಎಲ್ಲಾದರೂ ಒತ್ತುವ ತನಕ ಆ ಚೌಕ ತಾನಾಗಿ ಮೇಲೆ ಬೀಳದಂತೆ ಮಾಡಿದರು. ಇಂಥ ಶಿಸ್ತು ಸ್ಥಳ ಕೇಳುವ ಚೌಕಕ್ಕೆ ಬಂದ ಲಕ್ಷಣ ನನಗೆ ಇವತ್ತು ಬೆಳಿಗ್ಗೆ ಕಾಣಲಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಕಸಿವಿಸಿಯದು. ಬೇಡ ಎಂದ ಮೇಲೂ ಬೆಳಗಿನ ಆ ತಾಣಗಳಲ್ಲೊಂದು ಪುಟದ ಬುಡದಲ್ಲಿ 'ಚೆನ್ನೈನಲ್ಲಿ ಇಂದು ಸೆಖೆ' ಎಂದು ತೋರಿಸಿತು. ಇಂಟರ್ನೆಟ್ ಸಂಪರ್ಕಕ್ಕೆ ಒಂದು ಐಪಿ ಸಂಖ್ಯೆ ಇರುತ್ತದಲ್ಲ, ಅದನ್ನು ಹಿಡಿದು ಊರು ಊಹಿಸುವ ಪಟ್ಟಿಗಳಿವೆ. ಆ ಊಹೆಗೆ ನನ್ನ ಒಪ್ಪಿಗೆ ಬೇಕಿಲ್ಲ. ನಾನು ಬೆಂಗಳೂರಿನಲ್ಲಿ ಸ್ವೆಟರ್ ಹಾಕಿಕೊಂಡು ಚೆನ್ನೈನ ಸೆಖೆಯಲ್ಲಿ ಬೇಯುತ್ತಿರುವುದಾಗಿ ಅದು ತೀರ್ಮಾನಿಸಿತ್ತು. ಒಪ್ಪಿಗೆ ಕೊಟ್ಟಿದ್ದರೆ ಸರಿಯಾಗಿಯೇ ಹೇಳುತ್ತಿತ್ತು. ಆಗ ಬ್ರೌಸರು ಸುತ್ತಮುತ್ತಲ ವೈಫೈ ಪೆಟ್ಟಿಗೆಗಳ ಗುರುತನ್ನು ಮೂಸಿ ನೋಡಿ, ಯಾವ ಪೆಟ್ಟಿಗೆ ಎಲ್ಲಿದೆ ಎಂಬ ದೊಡ್ಡ ಖಾತೆ ಇಟ್ಟವರಿಗೆ ಕಳಿಸುತ್ತದೆ. ಅವರು ಅಕ್ಷಾಂಶ ರೇಖಾಂಶ ವಾಪಸು ಕೊಡುತ್ತಾರೆ. ನನ್ನ ಲ್ಯಾಪ್‌ಟಾಪಿಗೆ ಉಪಗ್ರಹದ ಸಂಬಂಧ ಇಲ್ಲದಿದ್ದರೂ ಮೇಲಿನ ಮನೆಯ, ಎದುರು ಮನೆಯ ವೈಫೈಗಳು ಸೇರಿ ನನ್ನ ವಿಷಯದಲ್ಲಿ ಸಾಕ್ಷಿ ಹೇಳುತ್ತವೆ.

ಐಪಿ ಊಹೆಯ ಎಡವಟ್ಟಿನಲ್ಲಿ ನನ್ನದು ಏನೂ ಅಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಪಾಟ್ವಿನ್ ಎಂಬ ಪುಟ್ಟ ಊರಿನ ಬಳಿ ಒಂದು ಹೊಲದ ಮನೆ ಇದೆ. ಇಂಥ ಪಟ್ಟಿ ತಯಾರಿಸುವ ಕಂಪನಿಯೊಂದು, ಅಮೆರಿಕದ್ದು ಎಂಬುದಷ್ಟೇ ಗೊತ್ತಿದ್ದು ಊರು ಗೊತ್ತಿಲ್ಲದ ಐಪಿಗಳಿಗೆಲ್ಲ ದೇಶದ ನಟ್ಟನಡುವಿನ ಒಂದು ಬಿಂದು ಕೊಡೋಣವೆಂದು, ಲೆಕ್ಕ ಸುಲಭವಾಗಲಿ ಎಂದು 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ಬರೆದುಕೊಂಡಿತು. ಆ ಬಿಂದು ಬಿದ್ದದ್ದು ಆ ಮನೆಯ ಅಂಗಳಕ್ಕೆ. ಹೀಗೆ 60 ಕೋಟಿಗೂ ಹೆಚ್ಚು ಐಪಿಗಳ ವಾಸಸ್ಥಳವಾಯಿತು ಆ ಮನೆ. ಕದ್ದ ಫೋನು ಹುಡುಕುವವರು, ಮೋಸ ಹೋದವರು, ಪೊಲೀಸರು, ತೆರಿಗೆಯವರು, ಯಾರದೋ ಪ್ರಾಣ ಉಳಿಸಲು ಬಂದ ಆಂಬ್ಯುಲೆನ್ಸು, ಎಲ್ಲರೂ ವರ್ಷಗಟ್ಟಲೆ ಅಲ್ಲಿಗೇ ಬಂದರು. 2016ರಲ್ಲಿ ವರದಿ ಬಂದಾಗಲೇ ಇದೇಕೆ ಎಂದು ಆ ಮನೆಯವರಿಗೆ ತಿಳಿದದ್ದು. ಕಂಪನಿ ಆಮೇಲೆ ಬಿಂದುವನ್ನು ಎತ್ತಿ ವಿಚಿಟಾ ನಗರದ ಪಶ್ಚಿಮಕ್ಕಿರುವ ಒಂದು ಕೆರೆಯ ನಡುವೆ ಇಟ್ಟಿತು. ಇನ್ನು ಬರುವವರು ಈಜಿಕೊಂಡು ಬರಲಿ ಎಂದಿರಬೇಕು.

ಕೆರೆ ಎಂದಾಗ ನನಗೆ ನೆನಪಾಗುವವನು ದುರ್ಯೋಧನ. ಅವನಿಗೂ ಮೊದಲು ವಿರಾಟಪರ್ವಕ್ಕೆ ಹೋಗಬೇಕು, ಏಕೆಂದರೆ ಮಹಾಭಾರತದಷ್ಟು ಲೊಕೇಶನ್ ತಾಪತ್ರಯ ಇರುವ ಗ್ರಂಥ ಇನ್ನೊಂದಿಲ್ಲ ಎಂದು ನನ್ನ ಹಳೆಯ ಹಟ. ಮನೆಯವರು ಕೇಳಿ ಕೇಳಿ ಸಾಕಾಗಿದ್ದಾರೆ, ಓದುಗರು ಹೊಸಬರು. ಹನ್ನೆರಡು ವರ್ಷ ಕಾಡಿನಲ್ಲಿ ಎಲ್ಲರಿಗೂ ಗೊತ್ತಿರುವಂತೆ ಇದ್ದ ಪಾಂಡವರು, ಹದಿಮೂರನೆಯ ವರ್ಷ ಯಾರಿಗೂ ಗೊತ್ತಾಗದಂತೆ ಇರಬೇಕು. ಗೊತ್ತಾದರೆ ಮತ್ತೆ ಹನ್ನೆರಡು ವರ್ಷ. ಒಂದು ರಾಜ್ಯದ ಭವಿಷ್ಯವೇ ಲೊಕೇಶನ್ ಆಫ್ ಆಗಿರುವುದರ ಮೇಲೆ ನಿಂತಿತ್ತು. ಆಯುಧಗಳನ್ನು ಬನ್ನಿಮರಕ್ಕೆ ಕಟ್ಟಿದರಲ್ಲ, ಜೊತೆಗೊಂದು ಹೆಣವನ್ನೂ ಕಟ್ಟಿದರು. ದಾರಿಯಲ್ಲಿ ಸಿಕ್ಕ ದನಗಾಹಿಗಳಿಗೆ 'ಇವಳು ನೂರೆಂಬತ್ತು ವರ್ಷದ ನಮ್ಮ ತಾಯಿ, ಮರಕ್ಕೆ ಕಟ್ಟುವುದು ನಮ್ಮ ಕುಲಾಚಾರ' ಎಂದು ಹೇಳುತ್ತಾ ಹೋದರು. ಸತ್ಯಸಂಧರ ಮನೆತನ! ನಮ್ಮ ಮನೆಯ ವೈಫೈ ಹೆಸರಿನ ಕೊನೆಗೆ ಒಂದು ಅಡಿಗೆರೆ ಎಳೆದು 'ನೋಮ್ಯಾಪ್' ಎಂದು ಇಂಗ್ಲಿಷಿನಲ್ಲಿ ಸೇರಿಸಿದರೆ ಗೂಗಲ್ ಆ ಪೆಟ್ಟಿಗೆಯನ್ನು ತನ್ನ ಖಾತೆಯಿಂದ ಬಿಡುತ್ತದೆ. ಆ ಅಡಿಗೆರೆಯನ್ನು ನೋಡಿದಾಗಲೆಲ್ಲ ನನಗೆ ಬನ್ನಿಮರದ ಮುದುಕಿ ಕಾಣುತ್ತಾಳೆ.

ಕೌರವನ ಗೂಢಚಾರರು ದೇಶವೆಲ್ಲ ಜಾಲಾಡಿ ಬರಿಗೈಲಿ ಬಂದಾಗ ಭೀಷ್ಮ ಹೇಳಿದ್ದನ್ನು ಗಮನಿಸಿ. ಧರ್ಮರಾಯ ಎಲ್ಲಿರುತ್ತಾನೋ ಆ ದೇಶದಲ್ಲಿ ಮಳೆ ಹದವಾಗಿ ಬೀಳುತ್ತದೆ, ಹಸುಗಳು ಹೆಚ್ಚು ಕರೆಯುತ್ತವೆ, ಜನ ಕೊಡುಗೈಯವರಾಗಿರುತ್ತಾರೆ, ಅಂಥ ಕಡೆ ಹುಡುಕಿ ಎನ್ನುತ್ತಾನೆ. ಮನುಷ್ಯನನ್ನು ನೋಡದೆ ಸುತ್ತಲಿನ ಲಕ್ಷಣ ನೋಡಿ ಅವನಿರುವ ಜಾಗ ಕಂಡುಹಿಡಿಯುವ ವಿದ್ಯೆ! ಎದುರು ಮನೆಯ ವೈಫೈ ನನ್ನ ಮೇಲೆ ಪ್ರಯೋಗಿಸುವುದೂ ಇದನ್ನೇ. ಪಿತಾಮಹರು ಹಾಲಿನ ಅಳತೆಯಿಂದ ಮಾಡಿದರು, ಅಷ್ಟೇ ವ್ಯತ್ಯಾಸ.

ಇನ್ನು ದುರ್ಯೋಧನ. ಹದಿನೆಂಟನೆಯ ದಿನ ಸೇನೆ ಎಲ್ಲ ಮುಗಿದ ಮೇಲೆ ವೈಶಂಪಾಯನ ಸರೋವರಕ್ಕೆ ಇಳಿದು, ಜಲಸ್ತಂಭ ವಿದ್ಯೆಯಿಂದ ನೀರನ್ನು ಕಟ್ಟಿ ಒಳಗೆ ಕೂತ. ಅವನು ಮಾಡಬೇಕಾದ್ದನ್ನೆಲ್ಲ ಮಾಡಿದ್ದ, ಆ ಕಾಲದಲ್ಲಿ ಇದಕ್ಕಿಂತ ಭದ್ರವಾದ ಸೆಟ್ಟಿಂಗ್ ಇರಲಿಲ್ಲ. ಸಿಕ್ಕಿಬಿದ್ದದ್ದು ಹೇಗೆ? ವ್ಯಾಸಭಾರತದ ಪ್ರಕಾರ, ಭೀಮನಿಗೆ ದಿನವೂ ಮಾಂಸ ಒದಗಿಸುತ್ತಿದ್ದ ಬೇಡರು ದಣಿದು ನೀರು ಕುಡಿಯಲು ಅಲ್ಲಿಗೆ ಬಂದರು. ದಡದಲ್ಲಿ ನಿಂತ ಅಶ್ವತ್ಥಾಮ, ಕೃಪ, ಕೃತವರ್ಮರು ನೀರೊಳಗಿನವನ ಜೊತೆ ಮಾತಾಡುತ್ತಿದ್ದುದು ಕಿವಿಗೆ ಬಿತ್ತು. ಆ ಬೇಡರೇನು ಗೂಢಚಾರರಲ್ಲ, ದುರ್ಯೋಧನನ ಮೇಲೆ ಅವರಿಗೆ ದ್ವೇಷವೂ ಇರಲಿಲ್ಲ. ಬೇರೆ ಏನೋ ವ್ಯಾಪಾರಕ್ಕೆ ಬಿಡಾರಕ್ಕೆ ಹೋಗಿಬರುತ್ತಿದ್ದವರು, ದಾರಿಯಲ್ಲಿ ಸಿಕ್ಕಿದ ಸುದ್ದಿಯನ್ನು ಬೆಲೆ ಬರುವ ಕಡೆ ಒಯ್ದು ಕೊಟ್ಟರು. ಭೀಮ ಕೈತುಂಬ ಹಣ ಕೊಟ್ಟ. ನನ್ನ ಓಡಾಟದ ಸುದ್ದಿ ಮಾರುವ ಟಾರ್ಚಿನ ಆಪು, ಹವಾಮಾನದ ಆಪುಗಳ ಕಥೆ ಓದಿದಾಗಲೆಲ್ಲ ಆ ಬೇಡರ ಪಡೆ ನೆನಪಾಗುತ್ತದೆ. ಚೌಕಕ್ಕೆ ನಿರ್ಬಂಧ ಹಾಕುವುದೂ ಜಲಸ್ತಂಭವೇ. ಕೇಳುವವರ ಬಾಯಿ ಮುಚ್ಚುತ್ತದೆ; ಕೇಳದೆಯೇ ತಿಳಿಯುವವರು ದಡದಲ್ಲಿ ನೀರು ಕುಡಿಯುತ್ತಿರುತ್ತಾರೆ. 10ನೇ ಶತಮಾನದ ರನ್ನನಿಗೆ ಬೇಡರು ಬೇಕಾಗಿರಲಿಲ್ಲ, ನೀರೊಳಗಿದ್ದೂ ಬೆವರಿದ ದೊರೆಯ ಬೆವರು ಬೇಕಾಗಿತ್ತು. 'ಗದಾಯುದ್ಧ'ದ ಆ ಪದ್ಯವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ನನ್ನ ತಲೆಮಾರಿಗೆ ಇನ್ನೂ ನೆನಪಿದೆ.

ಆದರೆ ಆ ದೊರೆ ಇವತ್ತು ಬೆಂಗಳೂರಿಗೆ ಓಡಿಬಂದರೆ ಎಲ್ಲಿ ಅಡಗಬೇಕು? ಧರ್ಮಾಂಬುಧಿ ಕೆರೆಗೆ ಧುಮುಕೋಣವೆಂದರೆ ಮೆಜೆಸ್ಟಿಕ್ ಬಸ್ ನಿಲ್ದಾಣದ ಪ್ಲಾಟ್‌ಫಾರ್ಮಿಗೆ ತಲೆ ಬಡಿಯುತ್ತದೆ. ಕೋರಮಂಗಲದ ಕೆರೆಯಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ಹೆಸರಿನ ವಸತಿ ಸಮುಚ್ಚಯ ಇದೆ. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ಅಲ್ಲಿ ಗದೆ ಹಿಡಿದವನು ಕೂತರೂ ಸದಸ್ಯನೆಂದೇ ತಿಳಿದಾರು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಅಲ್ಲಾದರೂ ಪಕ್ಕದಲ್ಲಿ ಒಂದು ಸಣ್ಣ ಕುಂಟೆಯಷ್ಟು ನೀರಿನ ಜಾಗ ಉಳಿದಿದೆ. ಯಾರ ಪರಿಸರಪ್ರೇಮದಿಂದಲೂ ಉಳಿದದ್ದಲ್ಲ, ಕರಗಕ್ಕಾಗಿ ಉಳಿದದ್ದು. ಬೆಂಗಳೂರು ಕರಗದಲ್ಲಿ ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯ ಅಂಗಳವೇ ಆಗಬೇಕು, ತಿಗಳರು ಅದನ್ನು ಬಿಟ್ಟುಕೊಟ್ಟಿಲ್ಲ.

ಕರಗ ದ್ರೌಪದಿಯದು. ಗುಡಿ ಅವಳ ಹಿರಿಯ ಗಂಡನದು. ಒಂದು ವರ್ಷ ಕಂಕಭಟ್ಟನೆಂಬ ಹೆಸರಿನಲ್ಲಿ ವಿರಾಟನೆದುರು ಪಗಡೆ ಹಾಸಿ, ಯಾರ ಕಣ್ಣಿಗೂ ಬೀಳದೆ ಕಾಲ ತಳ್ಳಿದ ಧರ್ಮರಾಯನಿಗೆ ಈಗ ತಿಗಳರಪೇಟೆಯಲ್ಲಿ ಖಾಯಂ ವಿಳಾಸ. ಹಗಲಿನಲ್ಲಿ ಹುಡುಕಿಕೊಂಡು ಹೋಗುವವರಿಗೆ ಪೇಟೆಯ ಗಲ್ಲಿಗಳು ಚೆನ್ನಾಗಿ ಆಟ ಆಡಿಸುತ್ತವೆ, ಅಲ್ಲಿ ಫೋನಿನ ನೀಲಿ ಚುಕ್ಕೆ ಕೂಡ ಪಕ್ಕದ ಬೀದಿಗೆ ಜಿಗಿದು ಕೂರುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಆ ತೊಂದರೆಯಿಲ್ಲ. ಕರಗ ಹೊರಡುವ ಹೊತ್ತಿಗೆ ಅವೆನ್ಯೂ ರಸ್ತೆಯ ಕಡೆಯಿಂದ ಒಮ್ಮೆ ಗುಂಪಿನೊಳಗೆ ಸಿಕ್ಕಿಕೊಂಡರೆ ಸಾಕು, ಕಾಲು ನೆಲಕ್ಕೆ ತಾಗದಂತೆ ಜನರೇ ಗುಡಿಯವರೆಗೆ ತಳ್ಳಿಕೊಂಡು ಹೋಗಿ ಬಿಡುತ್ತಾರೆ, ಅಂಗಿಯ ಗುಂಡಿ ಒಂದೆರಡು ಹೋಗುತ್ತವೆ ಅಷ್ಟೇ.