ಥಾಯ್ ಪಲಾವೂ ಅವ್ವನ ಒಣ ಸೀಗಡಿಯೂ

ಮೊನ್ನೆ ಭಾನುವಾರ ನಮ್ಮನೇಲಿ ಓದು ಬಳಗದ ಗೆಳೆಯರು ಸೇರಿದ್ದರು. ಎಂಟು ಜನ. ಅಡುಗೆ ನಾನೇ ಮಾಡ್ತೀನಿ ಅಂತ ಮೊದಲೇ ಹೇಳಿದ್ದೆ. ವೇದಿಕೆ ಮೇಲೆ ಆಹಾರ ರಾಜಕಾರಣದ ಬಗ್ಗೆ ಗಂಟೆಗಟ್ಟಲೆ ಮಾತಾಡೋ ನಾನು ಮನೆಯಲ್ಲಿ ಒಲೆ ಹಚ್ಚೋದು ಅಪರೂಪ. ಹೆಂಡತಿ ಕಾಮೆಂಟಿನಲ್ಲಿ ಬರೆಯೋ ಮೊದಲೇ ಒಪ್ಪಿಕೊಂಡುಬಿಡ್ತೀನಿ. ಮಾಡಿದ್ದು ನವಣೆ ಪಲಾವ್, ಥಾಯ್ ರೀತಿಯದು. ಫೋಟೋ ನೋಡಿ ಸುಮಾರು ಜನ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಹೇಳ್ತೀನಿ. ಆದ್ರೆ ಅದರ ಜೊತೆಗೆ ಇನ್ನೊಂದು ವಿಷಯಾನೂ ಇದೆ, ಅದನ್ನೂ ಓದಬೇಕು.

ನಾಲ್ಕು ಲೋಟ ನವಣೆ ತೊಳೆದು ಒಂದು ಗಂಟೆ ನೆನೆಸಿ. ಥಾಯ್ ಸಾಮಾನು ಅಂತ ದೊಡ್ಡ ಅಂಗಡಿಗೆ ಹೋಗಿ ದುಡ್ಡು ಸುರೀಬೇಡಿ, ಅರ್ಧ ನಮ್ಮೂರಲ್ಲೇ ಸಿಗುತ್ತೆ. ಅವರ ಲೆಮನ್ ಗ್ರಾಸ್ ಅಂದ್ರೆ ನಮ್ಮ ಮಜ್ಜಿಗೆ ಹುಲ್ಲು. ಅವರ ಬೇಸಿಲ್ಲೂ ನಮ್ಮ ಕಾಮಕಸ್ತೂರಿಯೂ ಒಂದೇ ಬಳ್ಳಿ ಬಳಗ. ನಾನು ತಂದದ್ದು ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಿಂದ. ಚಕ್ರಮೊಗ್ಗು ಗ್ರಂಥಿಗೆ ಅಂಗಡೀಲಿ ಇದೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಯ ಬೇರು ಸಮೇತ ಕುಟ್ಟಿ. ಬೇರು ಎಸೀಬೇಡಿ, ಘಮ ಇರೋದೇ ಅಲ್ಲಿ. ಎಣ್ಣೆ ಕಾದ ಮೇಲೆ ಚಕ್ರಮೊಗ್ಗು, ಈರುಳ್ಳಿ, ಜಜ್ಜಿದ ಮಜ್ಜಿಗೆ ಹುಲ್ಲು, ಕುಟ್ಟಿದ ಮಸಾಲೆ ಬಾಡಿಸಿ. ಎರಡು ಲೋಟ ತೆಂಗಿನಕಾಯಿ ಹಾಲು, ಆರು ಲೋಟ ನೀರು, ಉಪ್ಪು, ಚೂರು ಬೆಲ್ಲ, ಎರಡು ನಿಂಬೆ ಎಲೆ. ಕುದಿ ಬಂದಾಗ ನವಣೆ ಬಿಟ್ಟು ಸಣ್ಣ ಉರಿ. ನೀರು ಇಂಗಿದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಕೊನೆಗೆ ನಿಂಬೆರಸ, ಹರಿದ ಕಾಮಕಸ್ತೂರಿ.

ಇಷ್ಟೇ ಆದ್ರೆ ಅದು ಬರೀ ಪಲಾವ್. ಆ ಕಡೆಯ ಅಡುಗೆಯ ಜೀವ ಇರೋದು ಮೀನು, ಸೀಗಡಿಯ ವಾಸನೆಯಲ್ಲಿ. ಮಲೇಷ್ಯಾದಲ್ಲಿ ಸೀಗಡಿ ಹುದುಗಿಸಿ ಬೆಲಚಾನ್ ಅಂತ ಮಾಡ್ತಾರೆ, ಬರ್ಮಾದಲ್ಲಿ ನ್ಗಪಿ. ನಮ್ಮಲ್ಲಿ ಅದಕ್ಕೆ ಸಮ ಯಾವುದು? ಒಣ ಸೀಗಡಿ. ತಲೆ, ಕಾಲು ಮುರಿದು, ಬಿಸಿನೀರಲ್ಲಿ ತೊಳೆದು, ಕೆಂಪಗೆ ಹುರಿದು, ಅರ್ಧ ಕುಟ್ಟಿ ಒಗ್ಗರಣೆಗೆ, ಅರ್ಧ ಹಾಗೇ ಮೇಲಕ್ಕೆ.

ನಾನು ಸೀಗಡಿಯನ್ನು ಬಾಣಲೆಗೆ ಹಾಕಿದ್ದೇ ತಡ, ಹಜಾರದಲ್ಲಿ ಕೂತಿದ್ದ ಅವ್ವ ಎದ್ದು ಬಂದಳು. ಏನೂ ಮಾತಾಡಲಿಲ್ಲ. ಅಡುಗೆಮನೆ ಕಿಟಕಿ ಮುಚ್ಚಿ, ಚಿಲಕ ಹಾಕಿ, ಹೋಗಿ ಮತ್ತೆ ಕೂತಳು.

ಹನ್ನೆರಡು ವರ್ಷದ ಹಿಂದಿನ ಕತೆ. ನಾನು ಇದೇ ಮೈಸೂರಲ್ಲಿ ಬಾಡಿಗೆ ಮನೆ ಹುಡುಕ್ತಿದ್ದೆ. ಆರು ಮನೆ ತಪ್ಪಿಹೋಗಿತ್ತು. ಏಳನೆಯ ಮನೆಯ ಓನರು ‘ನಾನ್‌ವೆಜ್ ಮಾಡ್ತೀರಾ?’ ಅಂದರು. ಅದು ಊಟದ ಪ್ರಶ್ನೆ ಅಲ್ಲ, ಜಾತಿಯ ಪ್ರಶ್ನೆ, ನಿಮಗೆಲ್ಲ ಗೊತ್ತಿರೋದೇ. ‘ಇಲ್ಲ ಸಾರ್, ತಿನ್ನಲ್ಲ’ ಅಂದೆ. ಸುಳ್ಳು ಹೇಳಿದೆ. ಜೈ ಭೀಮ್ ಅನ್ನೋ ನಾಲಗೆಯಲ್ಲೇ ಹೇಳಿದೆ. ಎರಡು ತಿಂಗಳಾದ ಮೇಲೆ ಅವ್ವ ಊರಿಂದ ಬಂದಳು, ಮಗ ಒಣಗಿಹೋಗವ್ನೆ ಅಂತ ಸೆರಗಿನ ಗಂಟಲ್ಲಿ ಒಂದು ಹಿಡಿ ಸೀಗಡಿ ಕಟ್ಟಿಕೊಂಡು. ನಾನು ಕೆಲಸಕ್ಕೆ ಹೋಗಿದ್ದಾಗ ಹುರಿದು ಚಟ್ನಿ ಅರೆದಳು. ಓನರು ಬಾಗಿಲಿಗೆ ಬಂದು, ಮೂಗಿಗೆ ಬಟ್ಟೆ ಹಿಡಿದು ‘ಏನಮ್ಮ ಇದು ನಾತ?’ ಅಂದರಂತೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿದ್ವಿ. ಬಾಬಾಸಾಹೇಬರನ್ನು ಬರೋಡಾದ ಪಾರ್ಸಿ ವಸತಿಗೃಹದಿಂದ ಹೊರಹಾಕಿದ ಪ್ರಸಂಗವನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೀನಿ. ನನ್ನ ಮನೆಯ ಕತೆಯನ್ನು ಒಂದು ಸಭೆಯಲ್ಲೂ ಹೇಳಲಿಲ್ಲ. ಅವ್ವ ಮಾತ್ರ ‘ನನ್ನಿಂದ ನಿನ್ ಮನೆ ಹೋಯ್ತು ಕಣ್ ಮಗಾ’ ಅಂತ ಎಷ್ಟು ಸಲ ಅಂದಿದ್ದಾಳೋ. ಆಮೇಲೆ ಅವಳು ಊರಿಂದ ಸೀಗಡಿ ತರಲೇ ಇಲ್ಲ.

ಭಾನುವಾರಕ್ಕೆ ವಾಪಸ್ ಬರ್ತೀನಿ. ಎಲ್ಲರೂ ತಟ್ಟೆ ಹಿಡಿದು ಕೂತರು. ಒಬ್ಬ ಗೆಳೆಯ, ಹೋರಾಟದಲ್ಲಿ ಜೊತೆ ನಿಂತವನೇ, ಮೇಲ್ಜಾತಿಯವನು, ಒಂದು ತುತ್ತು ತಿಂದು ‘ವಾಹ್, ಏನು ಫ್ಲೇವರ್! ಪಕ್ಕಾ ಬ್ಯಾಂಕಾಕ್!’ ಅಂದ. ಸೀಗಡಿ ಅಂದೆ. ‘ಹೌದಾ? ನಮ್ಮ ಸೀಗಡಿ ಇಷ್ಟು ಚೆನ್ನಾಗಿರುತ್ತಾ?’ ಅವನದು ಕಪಟ ಅಲ್ಲ. ಆದ್ರೆ ಅದೇ ಸೀಗಡಿ. ಬ್ಯಾಂಕಾಕ್ ಅಂದಾಗ ಫ್ಲೇವರ್, ಅವ್ವನ ಸೆರಗಿನಿಂದ ಬಂದಾಗ ನಾತ.

ನವಣೆಯ ಕತೆಯೂ ಹೀಗೇ ಅಲ್ವಾ? ನವಣೆ, ಸಾಮೆ, ಹಾರಕ ನಮ್ಮ ಅವ್ವಂದಿರ ಕಾಲಕ್ಕೆ ಅಕ್ಕಿ ಕೊಳ್ಳೋಕೆ ಆಗದವರ ಊಟ. ಅನ್ನ ಕಂಡರೆ ಅವತ್ತು ಹಬ್ಬ. ಪುಸ್ತಕದಲ್ಲಿ ಅದರ ಹೆಸರು ತೃಣಧಾನ್ಯ. ತೃಣ ಅಂದ್ರೆ ಹುಲ್ಲು, ಕಡೆಗಣಿಸಿದ್ದು ಅಂತಲೂ ಅರ್ಥ. ಈಗ ಅದೇ ಸಿರಿಧಾನ್ಯ. 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ ಆಯ್ತು, ಏಸಿ ಅಂಗಡಿಯಲ್ಲಿ ಚಂದದ ಪೊಟ್ಟಣ ಬಂತು. ಕಾಳಿಗೆ ಬಡ್ತಿ ಸಿಕ್ತು, ಬೆಳೆದು ತಿಂದು ಅದನ್ನು ಉಳಿಸಿದವರಿಗೆ ಸಿಗಲಿಲ್ಲ. ಇನ್ನು ‘ನಮ್ಮ ಸಂಸ್ಕೃತಿಯ ಶುದ್ಧ ಆಹಾರ’ ಅನ್ನೋರಿಗೆ ಒಂದು ಮಾತು: ನವಣೆಯನ್ನು ಸಾವಿರಾರು ವರ್ಷ ಹಿಂದೆ ಮೊದಲು ಪಳಗಿಸಿದ್ದು ಚೀನಾದ ರೈತರು. ರಾಗಿ ಆಫ್ರಿಕಾದ್ದು. ಮೆಣಸಿನಕಾಯಿ ಅಮೆರಿಕ ಖಂಡದ್ದು. ಅವಕ್ಕೆಲ್ಲ ನಮ್ಮ ಅಡುಗೆಮನೆಯಲ್ಲಿ ಜಾಗ ಸಿಕ್ಕಿದೆ. ಇಲ್ಲೇ ಹುಟ್ಟಿದವರಿಗೆ ಬಾಡಿಗೆ ಮನೆ ಸಿಗಲ್ಲ.

2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಬಾಡೂಟ ಬೇಕು ಅಂತ ಕೇಳಿದಾಗ ‘ತಿನ್ನೋದೇ ದೊಡ್ಡ ಹೋರಾಟವಾ?’ ಅಂತ ನಮ್ಮವರೇ ಕೆಲವರು ನಕ್ಕರು. ಮದ್ಯ, ತಂಬಾಕಿನ ಸಾಲಿನಲ್ಲಿ ಮಾಂಸದೂಟವನ್ನೂ ನಿಷೇಧದ ಪಟ್ಟಿಗೆ ಸೇರಿಸಿದ್ದು ಅವರಿಗೆ ನಗು ತರಿಸಲಿಲ್ಲ. ಅವ್ವ ಮುಚ್ಚಿದ ಕಿಟಕಿಗೂ ಆ ಪಟ್ಟಿಗೂ ಸಂಬಂಧ ಇದೆ. ನಮ್ಮ ಊಟ ತಪ್ಪು ಅಂತ ನಮ್ಮ ತಾಯಂದಿರೇ ನಂಬೋ ಹಾಗೆ ಮಾಡಿರೋದು ಇಂಥ ಪಟ್ಟಿಗಳೇ.

ಊಟದ ನಡುವೆ, ಬರ್ಮಾ, ಮಲೇಷ್ಯಾ ಕಡೆ ಸೀಗಡಿ ಇಲ್ಲದೆ ಅಡುಗೇನೇ ಇಲ್ಲ ಅಂತ ನಾನು ವಿವರಿಸ್ತಿದ್ದೆ. 1954ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ವಿಶ್ವ ಬೌದ್ಧ ಸಮ್ಮೇಳನಕ್ಕೆ ರಂಗೂನಿಗೆ ಹೋಗಿದ್ದರಲ್ಲ, ಆ ಊರಲ್ಲೂ ಹಾಗೇ ಅಂದೆ. ಅವ್ವ ಕೇಳಿಸಿಕೊಂಡು, ‘ಅಂಗಾರೆ ಆ ದೇಸದಲ್ಲಿ ಸೀಗಡಿ ತಿನ್ನೋರ್ಗೂ ಬಾಡ್ಗೆ ಮನೆ ಕೊಟ್ಟಾರಾ?’ ಅಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಎಲ್ಲರೂ ಹೋದ ಮೇಲೆ ಹೋಗಿ ಕಿಟಕಿ ತೆಗೆದೆ. ‘ಈ ಓನರು ಒಳ್ಳೆಯವರು ಕಣವ್ವ, ಏನೂ ಅನ್ನಲ್ಲ’ ಅಂದೆ.

‘ಅನ್ನೋಗಂಟ ಯಾರೂ ಏನೂ ಅನ್ನಲ್ಲ ಕಣ್ ಮಗಾ’ ಅಂದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ಮನೆ ಇರೋರು. ಈ ಪೋಸ್ಟ್ ಓದ್ತಿರೋರಲ್ಲಿ ಮೈಸೂರಲ್ಲಿ ಬಾಡಿಗೆಗೆ ಮನೆ ಕೊಡೋರು ಇದ್ದೀರಿ, ಗೊತ್ತು. ಲೈಕ್ ಬೇಡ. ಮುಂದಿನ ಸಲ ಯಾರಾದ್ರೂ ಮನೆ ಕೇಳಿಕೊಂಡು ಬಂದಾಗ ಆ ಒಂದು ಪ್ರಶ್ನೆ ಕೇಳಬೇಡಿ, ಬೋರ್ಡಿನಲ್ಲಿ ‘ಸಸ್ಯಾಹಾರಿಗಳಿಗೆ ಮಾತ್ರ’ ಅಂತ ಇದ್ರೆ ಅಳಿಸಿ. ಅಷ್ಟು ಸಾಕು.

ಹಾಂ, ಅಡುಗೆಯಲ್ಲಿ ಒಂದು ಹೇಳೋದು ಮರೆತಿದ್ದೆ. ಸೀಗಡಿ ಹುರಿಯುವಾಗ ಕಿಟಕಿ ತೆಗೆದಿಡಿ.

ಜೈ ಭೀಮ್.