ಹೂಂ ಅನ್ನದಿದ್ದರೆ ಕಥೆ ಮುಂದೆ ಹೋಗುವುದೇ?

ಕಥೆ ಹೇಳುವಾಗ ಮಕ್ಕಳು ‘ಹೂಂ’ ಅನ್ನದಿದ್ದರೆ ನಮ್ಮತ್ತೆ ಮುಂದೆ ಹೇಳುತ್ತಲೇ ಇರಲಿಲ್ಲ. ವೈಫೈ ಕೂಡ ಈ ‘ಹೂಂ’ ಮೇಲೆಯೇ ನಡೆಯುತ್ತದೆ ಅಂದರೆ ನಂಬುತ್ತೀರಾ?

2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಾಡಕ್ಕೆ ಬಂದ ಮಗ ನಮ್ಮ ಜಗಲಿಯನ್ನೇ ಆಫೀಸು ಮಾಡಿಕೊಂಡ. ಅವನದು ವೈಫೈ ಡ್ರೈವರ್ ಬರೆಯುವ ಕೆಲಸ. ಡ್ರೈವರ್ ಅಂದರೆ ಬಸ್ಸಿನವನಲ್ಲ. ಕಂಪ್ಯೂಟರಿಗೂ ಅದರೊಳಗಿನ ವೈಫೈ ಚಿಪ್ಪಿಗೂ ನಡುವೆ ಮಾತು ಮುಟ್ಟಿಸುವ ಪ್ರೋಗ್ರಾಮು. ಪರೀಕ್ಷೆಗೆಂದು ತಂದ ಕಂಪ್ಯೂಟರನ್ನೇ ತಂಗಿಯ ಆನ್‌ಲೈನ್ ಪಾಠಕ್ಕೂ ಕೊಟ್ಟಿದ್ದ. ಹತ್ತನೇ ಕ್ಲಾಸಿನ ಕೂಸು, ಒಳಕೋಣೆಯಲ್ಲಿ ಕೂತು ಹಾಜರಿಗೆ ಗಟ್ಟಿಯಾಗಿಯೇ ಉತ್ತರ ಕೊಡುತ್ತಿತ್ತು. ಅಕ್ಕೋರಿಗೆ ಮಾತ್ರ ಕೇಳದು! ಮೂರು ದಿನ ಗೈರುಹಾಜರಿ ಬಿದ್ದಾಗ ಅತ್ತೂ ಅತ್ತೂ ಊಟ ಬಿಟ್ಟಿತು.

ಮಗ ಲೆಕ್ಕ ತೆಗೆದು ನೋಡಿದರೆ, ಕಳಿಸಿದ್ದೆಲ್ಲ ತಲುಪಿದೆ ಅಂತ ಇದೆ!

“ಆಯಿ, ನಾವು ಕಳಿಸುವ ಮಾತು ಸಣ್ಣ ಸಣ್ಣ ಕಟ್ಟಾಗಿ ಹೋಗುತ್ತದೆ. ಒಂದೊಂದು ಕಟ್ಟು ಮುಟ್ಟಿದ ಕೂಡಲೇ ಆಚೆಯ ಪೆಟ್ಟಿಗೆ ‘ಹೂಂ’ ಅನ್ನಬೇಕು” ಅಂದ. ಸೆಕೆಂಡನ್ನು ಲಕ್ಷ ಪಾಲು ಮಾಡಿದರೆ ಸುಮಾರು ಒಂದು ಪಾಲಿನಷ್ಟು ಹೊತ್ತಿನಲ್ಲೇ ಆ ಉತ್ತರ ಹೊರಡಬೇಕಂತೆ. 1997ರಲ್ಲಿ ಬಂದ 802.11 ಎಂಬ ನಿಯಮದಲ್ಲೇ ಇದಿದೆ. ಊರಿಗೆಲ್ಲ ಡಂಗುರ ಸಾರಿದ ಹಾಗೆ ಎಲ್ಲರಿಗೂ ಕಳಿಸಿದ್ದಕ್ಕೆ ಮಾತ್ರ ‘ಹೂಂ’ ಇಲ್ಲ. ಉತ್ತರ ಬಾರದಿದ್ದರೆ ಚಿಪ್ಪು ಅದೇ ಕಟ್ಟನ್ನು ಕೆಲವು ಸಲ ಮತ್ತೆ ಕಳಿಸುತ್ತದೆ. ಆಗಲೂ ಆಗದಿದ್ದರೆ ‘ತಲುಪಲಿಲ್ಲ’ ಅಂತ ಡ್ರೈವರ್ ಮೇಲಿನವರಿಗೆ ವರದಿ ಕೊಡಬೇಕು. ಆಗ ಕಂಪ್ಯೂಟರು ವೇಗ ಇಳಿಸಿ, ಕಿವಿ ಮಂದವಾದವರಿಗೆ ಬಿಡಿಸಿ ಹೇಳಿದ ಹಾಗೆ, ನಿಧಾನವಾಗಿ ಕಳಿಸುತ್ತದೆ.

ಮಗ ಇನ್ನೊಂದು ಕಂಪ್ಯೂಟರನ್ನು ಒಳಕೋಣೆಯ ಬಾಗಿಲಲ್ಲಿಟ್ಟು, ಗಾಳಿಯಲ್ಲಿ ಹೋಗುವುದನ್ನೆಲ್ಲ ಕೇಳಿಸಿಕೊಂಡ. ಒಂದೇ ನಂಬರಿನ ಕಟ್ಟು ಮತ್ತೆ ಮತ್ತೆ ಹೋಗುತ್ತಿದೆ, ‘ಹೂಂ’ ಇಲ್ಲ. ಚಿರೆಕಲ್ಲಿನ ದಪ್ಪ ಗೋಡೆ ನೋಡಿ! ಡ್ರೈವರ್ ಮಾತ್ರ ಕಟ್ಟನ್ನು ಚಿಪ್ಪಿನ ಕೈಗೆ ಕೊಟ್ಟೊಡನೆ ‘ತಲುಪಿತು’ ಅಂತ ಬರೆದುಬಿಡುತ್ತಿತ್ತು. ಅಂಚೆಡಬ್ಬಕ್ಕೆ ಕಾಗದ ಹಾಕಿ ‘ಮುಟ್ಟಿತು’ ಅಂದ ಹಾಗೆ. ಎಲ್ಲ ಸರಿಯಿದೆ ಅಂತ ಕಂಪ್ಯೂಟರು ಅದೇ ವೇಗದಲ್ಲಿ ಓಡಿಸುತ್ತಿತ್ತು. ಸುಳ್ಳು ಜಮೆ ಬರೆದ ಪುಸ್ತಕಕ್ಕಿಂತ ಖಾಲಿ ಪುಸ್ತಕ ವಾಸಿ, ಅಲ್ಲವೇ?

ಎರಡು ರಾತ್ರಿ ಕೂತು ಸರಿ ಮಾಡಿದ. ಚಿಪ್ಪು ನಿಜ ಹೇಳುವ ತನಕ ಪ್ರತಿ ಕಟ್ಟಿನ ನಂಬರು ಲೆಕ್ಕದಲ್ಲಿ ಬಾಕಿ ಉಳಿಯಬೇಕು, ಅಷ್ಟೇ. ಮರುದಿನದ ಲೆಕ್ಕದಲ್ಲಿ ‘ತಲುಪಲಿಲ್ಲ’ ಎಂಬುದು ಬೇಕಾದಷ್ಟು ಕಂಡಿತು, ವೇಗವೂ ಇಳಿಯಿತು. ಮಗಳ ದನಿ ಮಾತ್ರ ಅಕ್ಕೋರಿಗೆ ಸ್ಪಷ್ಟವಾಗಿ ಕೇಳಿತು.

ಆ ಮೂರು ದಿನದ ಗೈರುಹಾಜರಿ ತಿದ್ದಿಸಲು ನಾನೇ ಅಕ್ಕೋರಿಗೆ ಫೋನು ಮಾಡಬೇಕಾಯಿತು.