ಮೊಣಕಾಲು ಒಪ್ಪಿದ ಬೆಟ್ಟಗಳು

ಟ್ರೆಕ್ಕಿಂಗ್ ಆ್ಯಪ್‌ಗಳಲ್ಲಿ ಬೆಟ್ಟದ ಹೆಸರಿನ ಪಕ್ಕ 'ಈಸಿ' ಅಂತ ಬರೆದಿರ್ತಾರಲ್ಲ, ಅದು ಎರಡೂ ಕಾಲು ನೆಟ್ಟಗಿರೋರಿಗೆ ಮಾತ್ರ. ಎಸಿಎಲ್ ಹರಿದು, ಆಪರೇಷನ್ ಆಗಿ, ಏಳನೇ ತಿಂಗಳಲ್ಲಿರುವ ನನ್ನಂಥವರಿಗೆ ಆ ಪದದಿಂದ ಏನೂ ತಿಳಿಯಲ್ಲ.

ಇಂಟರ್ ಬ್ರಾಂಚ್ ಫುಟ್‌ಬಾಲ್‌ನಲ್ಲಿ ಹಾರಿ ಇಳಿಯುವಾಗ ಕಾಲು ತಿರುಚಿತು. ಆ ಕತೆ ಬಿಡಿ, ಕ್ಯಾಂಟೀನ್‌ನಲ್ಲಿ ಎಲ್ಲರೂ ಕೇಳಿದ್ದೀರಿ. ಆಪರೇಷನ್‌ಗೆ ಅಪ್ಪ ಪಿಎಫ್‌ನಿಂದ ದುಡ್ಡು ತೆಗೆದರು. ಪೀಣ್ಯದ ಮಷಿನ್ ಶಾಪ್ ಒಂದರಲ್ಲಿ ಇಪ್ಪತ್ತೆರಡು ವರ್ಷ ಲೇತ್ ಮುಂದೆ ನಿಂತು ಕೂಡಿದ ದುಡ್ಡು ಅದು. ಇನ್ನೊಂದು ಸಲ ಹರಿದರೆ ತೆಗೆಯೋಕೆ ಅಲ್ಲಿ ಹೆಚ್ಚೇನೂ ಉಳಿದಿಲ್ಲ. ಹಾಗಂತ ಬೆಟ್ಟ ಬಿಟ್ಟಿರೋಕೂ ಆಗ್ತಿರಲಿಲ್ಲ. ಡಿಸೆಂಬರ್‌ನಲ್ಲಿ ನಮ್ಮ ಗ್ಯಾಂಗ್ ಕುಮಾರ ಪರ್ವತದಿಂದ ಹಾಕಿದ ಫೋಟೋಗಳನ್ನ ನಾನು ಮೊಣಕಾಲಿಗೆ ಐಸ್ ಪ್ಯಾಕ್ ಇಟ್ಕೊಂಡು ಒಂದೊಂದಾಗಿ ನೋಡಿದೆ. ಎಲ್ಲದಕ್ಕೂ ಲೈಕ್ ಒತ್ತಿ ಫೋನ್ ಮಗುಚಿಟ್ಟೆ.

ಕೊನೆಗೆ ಫಿಸಿಯೋ ಮೇಡಂ ಹತ್ರ ಕೇಳಿದಾಗ ಅವರು ಬೇಡ ಅನ್ನಲಿಲ್ಲ. "ಯಾವ ಬೆಟ್ಟ ಅನ್ನೋದು ಆಮೇಲೆ, ಇಳಿಯೋದು ಹೇಗೆ ಅಂತ ಹೇಳು" ಅಂದ್ರು. ಹತ್ತುವಾಗ ತೊಡೆಯ ಮುಂದಿನ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಬ್ರೇಕ್ ಥರ ಮೈಭಾರ ಹಿಡಿಯಬೇಕು. ಆಪರೇಷನ್ ಆದ ಕಾಲಿನಲ್ಲಿ ಮೊದಲು ಸೊರಗೋದೇ ಈ ಸ್ನಾಯು. ಬ್ರೇಕ್ ಸರಿಯಾಗಿ ಹಿಡೀಲಿಲ್ಲ ಅಂದ್ರೆ ಏಟು ನೇರ ಕೀಲಿಗೆ. ಹತ್ತುವಾಗ ಏದುಸಿರು ಬಂದ್ರೆ ಕೂತು, ಸಾಕು ಅನಿಸಿದರೆ ವಾಪಸ್ ಬರಬಹುದು. ಇಳಿಯುವಾಗ ಕಾಲು ನಡುಗೋಕೆ ಶುರುವಾದ್ರೆ ಎಷ್ಟು ಹೊತ್ತು ಕೂತರೂ ಉಳಿದ ದಾರಿ ಇಳಿದೇ ತೀರಬೇಕು.

ಅಲ್ಲಿಂದ ನಾನು ಬೆಟ್ಟದ ಎತ್ತರ ನೋಡೋದನ್ನೇ ಬಿಟ್ಟೆ. ನಂದಿ 1478 ಮೀಟರ್, ಸಾವನದುರ್ಗ 1226. ಅಂಕಿ ನೋಡಿದರೆ ಸಾವನದುರ್ಗವೇ ಸುಲಭ ಆಗಬೇಕು. ಆದರೆ ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರೇ ಸುಮಾರು 900 ಮೀಟರ್ ಎತ್ತರದಲ್ಲಿ ಕೂತಿದೆ, ನಮ್ಮ ಮೊಣಕಾಲು ಹೊರಡೋದು ಇಲ್ಲಿಂದ. (ಸಿವಿಲ್‌ನವರಿಗೆ ಡೇಟಮ್ ಅಂದ್ರೆ ಏನು ಅಂತ ನಾನು ಹೇಳ್ಕೊಡಬೇಕಾಗಿಲ್ಲ.) ನಂದಿಗೆ ಮೇಲಿನವರೆಗೂ ರಸ್ತೆ ಇದೆ. ಸಾವನದುರ್ಗ ಬೋಳು ಬಂಡೆ. ಮಳೆ ಬಿದ್ದರೆ ಜಾರುತ್ತೆ, ಹತ್ತಿದ ಇಳಿಜಾರಿನಲ್ಲೇ ಇಳಿಯಬೇಕು. ನನ್ನ ಪಟ್ಟಿಯಿಂದ ಅದು ಮೊದಲೇ ಹೋಯ್ತು. ಶಿವಗಂಗೆಯೂ ಹೋಯ್ತು. ತುಮಕೂರು ರಸ್ತೆಯ ನಮಗೆ ಅದು ಮನೆ ಬೆಟ್ಟ ಇದ್ದ ಹಾಗೆ, ಅಮ್ಮನ ಹರಕೆ ಬೇರೆ ಇತ್ತು. ಆದರೆ ಮೇಲಿನ ನಂದಿವರೆಗೆ ಬಂಡೆಯಲ್ಲಿ ಕೊರೆದ ಕಡಿದಾದ ಮೆಟ್ಟಿಲುಗಳಿವೆ. ಕೆಳಗೆ ಗಂಗಾಧರೇಶ್ವರನಿಗೆ ಕೈಮುಗಿದು ವಾಪಸ್ ಬಂದ್ವಿ. ಹರಕೆ ಅರ್ಧ ತೀರಿತು ಅಂತ ಅಮ್ಮ.

ನನ್ನ ಮೊದಲ ಬೆಟ್ಟ ಯಾವುದು ಅಂದ್ರೆ ನಗ್ತೀರಿ: ಲಾಲ್‌ಬಾಗ್ ಬಂಡೆ. ಪೀಣ್ಯದಲ್ಲಿ ಹಸಿರು ಮೆಟ್ರೋ ಹತ್ತಿದರೆ ನೇರ ಲಾಲ್‌ಬಾಗ್ ಸ್ಟೇಷನ್. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು, ಮೇಲೊಂದು ಕೆಂಪೇಗೌಡರ ಗೋಪುರ. ಇಳಿಜಾರು ಹದ, ಕಾಲಿಗೆ ಹಿಡಿತ ಸಿಗುತ್ತೆ, ಯಾವಾಗ ಬೇಕಾದರೂ ತಿರುಗಬಹುದು. ನಾಲ್ಕನೇ ತಿಂಗಳಲ್ಲಿ ಅಲ್ಲಿ ಹತ್ತಿ ನಿಂತಾಗ ಪಕ್ಕದಲ್ಲಿ ಒಂದು ಮಗು ಓಡಾಡ್ತಿತ್ತು. ನನಗೇನೂ ಅವಮಾನ ಆಗಲಿಲ್ಲ. ಮಗುವಿಗಿಂತ ನಾನೇ ಹೆಚ್ಚು ಖುಷಿಯಾಗಿದ್ದೆ ಅನ್ಸುತ್ತೆ.

ವೈಟ್‌ಫೀಲ್ಡ್ ಕಡೆಯವರಿಗೆ ಕೋಲಾರದ ಅಂತರಗಂಗೆ ಹತ್ತಿರ. ಬಸವನ ಬಾಯಿಂದ ನೀರು ಬೀಳುವ ದೇವಸ್ಥಾನದವರೆಗೆ ಮೆಟ್ಟಿಲಿದೆ, ಅಷ್ಟಕ್ಕೇ ನಿಲ್ಲಿ. ಅದರ ಮೇಲೆ ಬಂಡೆ, ಗುಹೆಗಳ ಸಂದು. ಎಲೆಕ್ಟ್ರಾನಿಕ್ ಸಿಟಿಯವರಿಗೆ ಆನೇಕಲ್ ಹತ್ತಿರದ ಮುತ್ಯಾಲ ಮಡುವು ಇದೆಯಲ್ಲ ಅನ್ನಬಹುದು, ಆದರೆ ಅದು ಉಲ್ಟಾ: ಮೊದಲು ಇಳಿಯಬೇಕು, ಸುಸ್ತಾದ ಮೇಲೆ ಹತ್ತಬೇಕು.

ಆರನೇ ತಿಂಗಳಲ್ಲಿ ದೇವರಾಯನದುರ್ಗ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ, ನಡುವೆ ಕಾಡಿನ ಡಾಂಬರು ರಸ್ತೆ. ಕಾರಿನವರು ಹಾರ್ನ್ ಹೊಡೆದು ದಾಟಿಹೋದರು, ನಾನೂ ಅಪ್ಪನೂ ನಡೆದೆವು. ನನಗೆ ಜೊತೆ ಇರಲಿ ಅಂತ ಬಂದಿದ್ದ ಅಪ್ಪ ಪ್ರತಿ ತಿರುವಿನಲ್ಲೂ ನಿಲ್ತಿದ್ರು. ನನಗೋಸ್ಕರ ಅಂದ್ಕೊಂಡಿದ್ದೆ. ಮೇಲೆ ದೇವಸ್ಥಾನದ ಮೆಟ್ಟಿಲು ಇಳಿಯುವಾಗ ಅವರು ಅಡ್ಡ ತಿರುಗಿ, ಬಲಗಾಲು ಮೊದಲು ಕೆಳಗಿಟ್ಟು, ಎಡಗಾಲು ಪಕ್ಕಕ್ಕೆ ತಂದು, ಆಮೇಲೆ ಮುಂದಿನ ಮೆಟ್ಟಿಲಿಗೆ ಹೋಗ್ತಿದ್ರು. ಮೇಡಂ ನನಗೆ ಎರಡು ವಾರ ಅಭ್ಯಾಸ ಮಾಡಿಸಿದ್ದು ಅದನ್ನೇ: ಇಳಿಯುವಾಗ ನೋಯುವ ಕಾಲು ಮೊದಲು.

"ಇದನ್ನ ಯಾರು ಹೇಳ್ಕೊಟ್ರು ಅಪ್ಪ?"

"ಯಾರು ಹೇಳ್ಕೊಡ್ಬೇಕೋ? ಫ್ಯಾಕ್ಟರಿ ಮೆಟ್ಟಿಲು ಹತ್ತು ವರ್ಷದಿಂದ ಹಿಂಗೇ ಇಳೀತಿದೀನಿ."

ಡಾಕ್ಟರ್‌ಗೆ ತೋರಿಸಿದ್ರಾ ಅಂದೆ. "ನಿಂದು ಮುಗೀಲಿ" ಅಂದ್ರು, ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು. ಕೆಳಗೆ ನಾಮದ ಚಿಲುಮೆಯ ಮರದ ನೆರಳಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದಾಗಲೂ ಆ ಮಾತು ನನ್ನ ಗಂಟಲಲ್ಲೇ ಇತ್ತು. ಮುಂದಿನ ಅಪಾಯಿಂಟ್‌ಮೆಂಟ್‌ಗೆ ಮೇಡಂ ಹತ್ರ ಇಬ್ಬರ ಹೆಸರು ಹೇಳಿದ್ದೀನಿ. ಅಪ್ಪನಿಗೆ ಇನ್ನೂ ಗೊತ್ತಿಲ್ಲ.

ಮೇಡಂ ಒಪ್ಪಿದರೆ ಮುಂದಿನದು ನಂದಿ. ಸುಲ್ತಾನಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲಿವೆ. ಹತ್ತೋದು ಅದರಲ್ಲಿ, ನಿಂತು ನಿಂತು. ಇಳಿಯೋದಕ್ಕೆ ಹಾಸ್ಟೆಲ್ ಗೆಳೆಯ ಮೇಲೆ ಸ್ಕೂಟರ್ ತಂದು ಕಾಯ್ತಾನೆ. ಪೆಟ್ರೋಲು, ಜೊತೆಗೆ ಎರಡು ಪ್ಲೇಟ್ ಮಿರ್ಚಿ ಬಜ್ಜಿ ಅವನ ಬಾಡಿಗೆ. ಭಾನುವಾರ ಓಟಿ ಇಲ್ಲದಿದ್ದರೆ ಅಪ್ಪನೂ ಬರ್ತಾರಂತೆ, ಹಾಗಾಗಿ ಇನ್ನೊಂದು ಸ್ಕೂಟರ್ ಬೇಕು. ಯಾರದಾದ್ರೂ ಇದ್ರೆ ಹೇಳಿ.